ಎರಡೂವರೆ ಕಿಲೋ

ಕಿರ್ರ್ ಅಂತ ಹಲ್ಲು ಕಡಿಯುತ್ತಾ ಪ್ರಿಂಟರು ಇನ್ನೊಂದು ಸಾಲು ಉಗುಳಿತು, ಎರಡೂವರೆ, ಅದರ ಕೆಳಗೆ ಎರಡೂವರೆ, ಆಮೇಲೆ ಎರಡು ಎಂಟುನೂರು, ಸದ್ಯ ಒಂದಾದರೂ ಬೇರೆ ಬಂತಲ್ಲ ಅಂದುಕೊಳ್ಳುವಷ್ಟರಲ್ಲಿ ಮತ್ತೆ ಎರಡೂವರೆ, ಮತ್ತೆ ಎರಡೂವರೆ — ಕೂಸುಗಳೇನು ಇಡ್ಲಿ ತಟ್ಟೆಯಲ್ಲಿ ಬೇಯುತ್ತವೆಯೇ ಎಲ್ಲ ಒಂದೇ ಅಳತೆಗೆ ಇಳಿಯೋದಕ್ಕೆ, ಹದಿನೈದು ವರ್ಷ ಹಸುಗೂಸುಗಳ ಕೋಣೆಯಲ್ಲಿ ಕೈ ಸವೆಸಿದವಳ ಮುಂದೆ ಯಾರು ಈ ಕತೆ ಕಟ್ಟುತ್ತಿರೋದು, ಸತ್ಯವತಿ ಕಾಲ್ಬೆರಳು ಮಡಚಿಕೊಂಡಳು, ನೆಲ ಕೊರೆಯುತ್ತಿತ್ತು, ಈ ಕೋಣೆಗೆ ಚಪ್ಪಲಿ ಹಾಕಿಕೊಂಡು ಬರಬಾರದು, ಕಂಪ್ಯೂಟರಿಗೆ ಧೂಳು ಆಗಿಬರೋಲ್ಲವಂತೆ, ಹೆರಿಗೆ ವಾರ್ಡಿಗೆ ಮಾತ್ರ ಬೀದಿಯವರೆಲ್ಲ ಕೆಸರುಗಾಲಲ್ಲಿ ನುಗ್ಗಬಹುದು, ಯಾರೂ ಕೇಳೋರಿಲ್ಲ. ಪದ್ಮನಾಭ ಕುರ್ಚಿ ತಿರುಗಿಸಿಕೊಂಡು ಬಾಯಲ್ಲಿ ಬಬ್ಬಲ್ ಗಮ್ಮೋ ಏನೋ ಆಡಿಸುತ್ತಾ ಕೂತಿದ್ದಾನೆ, ಆಪರೇಟರು, ಇಪ್ಪತ್ತೆರಡು ವರ್ಷ, ಇವನೇ ಏನಾದರೂ ಸೋಮಾರಿತನ ಮಾಡಿ ಒಂದೇ ಗುಂಡಿ ಒತ್ತಿಬಿಟ್ಟಿದ್ದಾನೋ, ಎಂಟು ವರ್ಷದ ಹೆರಿಗೆ ರಿಜಿಸ್ಟರು ಅಂದರೆ ಸುಮ್ಮನೆ ಅಲ್ಲ, ಒಂದೊಂದು ಕೂಸಿನ ತೂಕ ಕೂಗಿ ಹೇಳಿದ್ದು ಸತ್ಯವತಿಯೇ, ಆದರೆ ಟೈಪು ಹೊಡೆದದ್ದು ಇವನು, ಅವಳ ಕಣ್ಣು ರಿಜಿಸ್ಟರಿನ ಮೇಲಿದ್ದಾಗ ಇವನ ಕೈ ಎಲ್ಲಿತ್ತೋ — ಏನಪ್ಪಾ ಪದ್ಮನಾಭ, ಸರಿಯಾಗಿ ಹೊಡ್ದಿದೀಯಾ ತಾನೆ. ನೀವು ಹೇಳಿದ್ದನ್ನೇ ಹೊಡ್ದಿದೀನಿ ಸಿಸ್ಟರ್, ಬೇಕಾದ್ರೆ ನೀವೇ ತಾಳೆ ನೋಡ್ಕೊಳಿ, ಮಿಷಿನ್ ಸುಳ್ಳು ಹೇಳಲ್ಲ. ಮಿಷಿನ್ ಸುಳ್ಳು ಹೇಳಲ್ಲವಂತೆ, ಹೇಳಿಸೋರು ಹೇಳಿಸಿದರೆ ಮಿಷಿನ್ನೂ ಹೇಳುತ್ತೆ, ತೂಕದ ಮಿಷಿನ್ ಹೇಳಿಲ್ಲವೇ, ತಟ್ಟೆಯ ಅಂಚಿನ ಮೇಲೊಂದು ಹೆಬ್ಬೆರಳು ಇಟ್ಟರೆ ಸಾಕು, ಮುಳ್ಳು ನಡುಗುತ್ತಾ ನಡುಗುತ್ತಾ ಮೇಲೆ ಹತ್ತಿ ನಿಂತುಕೊಳ್ಳುತ್ತೆ — ಈ ಹೆಬ್ಬೆರಳು ಎಲ್ಲಿಂದ ಬಂತು ತಲೆಗೆ, ಬೆಳಿಗ್ಗೆಯಿಂದ ಇದು ಮೂರನೇ ಸಲ. ಅವಳು ಕಾಗದ ಎಳೆದುಕೊಂಡಳು, ಎರಡೂ ಅಂಚಿನಲ್ಲಿ ಸಾಲಾಗಿ ತೂತು ಇರುವ ಆ ಉದ್ದನೆಯ ಕಾಗದ, ಮಡಚಿ ಮಡಚಿ ಬ್ಯಾಗಿಗೆ ತುರುಕಿದಳು, ಒಂದೂಕಾಲು ಆಗಿತ್ತು.

ಮೂರು ಗಂಟೆಗೆ ವಿಚಾರಣೆ, ಇವತ್ತಿಗೆ ಹೆರಿಗೆ ವಾರ್ಡಿನ ನರ್ಸ್ ವತ್ಸಲಾಳ ನೌಕರಿ ಇರುತ್ತೋ ಹೋಗುತ್ತೋ ತೀರ್ಮಾನ ಆಗಬೇಕು, ಅದೂ ಸತ್ಯವತಿಯ ಬಾಯಿಂದಲೇ, ಆಸ್ಪತ್ರೆಯ ದೊಡ್ಡ ಡಾಕ್ಟರ್ ಕಲ್ಯಾಣಮ್ಮ ನೆನ್ನೆ ಫೋನಿನಲ್ಲಿ ಅಂದಿದ್ದರು, ಸಿಸ್ಟರ್, ನೀವು ಎಂಟು ವರ್ಷದ ಲೆಕ್ಕ ಕಣ್ಣಾರೆ ನೋಡಿದೀರಿ, ಇದು ಒಂದು ಮಗು ವಿಷಯಾನೋ ಅಥವಾ ಆ ಹುಡುಗಿಗೆ ಇದೇ ಚಾಳಿಯೋ ಹೇಳಿ, ಒಂದಾದ್ರೆ ಎಚ್ಚರಿಕೆ ಕೊಟ್ಟು ಬಿಡೋಣ, ಚಾಳಿಯಾದ್ರೆ ಮನೆಗೆ ಕಳಿಸ್ತೀನಿ. ಮಗು ಮೂಡಲಪಾಳ್ಯದ ರಾಮಮ್ಮನದು, ಚೊಚ್ಚಲು, ಹೆಣ್ಣು, ಚೀಟಿಯಲ್ಲಿ ತೂಕ ಎರಡೂವರೆ ಅಂತ ವತ್ಸಲಾಳ ಅಕ್ಷರದಲ್ಲಿದೆ, ಮೂರನೇ ದಿನಕ್ಕೆ ಮನೆಗೆ ಕಳಿಸಿದ್ದಾರೆ, ಮನೆಯಲ್ಲಿ ನೀರು ಹಾಕಿದ್ದಾರಂತೆ, ಒಂಬತ್ತನೇ ದಿನ ತಣ್ಣಗಾಗಿ ಸತ್ತುಹೋಗಿದೆ, ಆಸ್ಪತ್ರೆಗೆ ಮತ್ತೆ ತಂದಾಗ ಬೇರೆ ಯಾರೋ ತೂಕ ಹಾಕಿ ಎರಡು ಕಿಲೋ ನೂರೈವತ್ತು ಅಂತ ಬರೆದಿದ್ದಾರೆ, ಆರು ದಿನದಲ್ಲಿ ಯಾವ ಕೂಸೂ ಅಷ್ಟು ಕರಗೋಲ್ಲ, ಮೊದಲೇ ಇರಲಿಲ್ಲ, ಎರಡೂವರೆ ಇರಲೇ ಇಲ್ಲ. ಎರಡೂವರೆ ಇಲ್ಲದಿದ್ದರೆ ಅದನ್ನು ಕಳಿಸಬಾರದಿತ್ತು, ಎಂಬತ್ತೊಂದರ ಜನವರಿಯಿಂದ ಇರೋ ನಿಯಮ, ಎರಡೂವರೆ ಕಿಲೋಗಿಂತ ಕಮ್ಮಿ ಇದ್ದರೆ ತಾಯಿ ಮಗು ಹತ್ತು ದಿನ ವಾರ್ಡಲ್ಲೇ ಇರಬೇಕು, ಮನೆಗೆ ಹೋದಮೇಲೂ ಮಗು ಎರಡೂವರೆ ಮುಟ್ಟೋವರೆಗೂ ತಲೆಗೆ ನೀರು ಹಾಕಕೂಡದು, ಒದ್ದೆ ಬಟ್ಟೆಯಲ್ಲಿ ಒರೆಸಿ ಬೆಚ್ಚಗೆ ಸುತ್ತಿಡಬೇಕು. ಈ ಮಾತನ್ನು ಬಾಯಿಗೆ ಬರೋ ಹಾಗೆ ಕಟ್ಟಿದವಳೂ ಸತ್ಯವತಿಯೇ, ಎರಡೂವರೆ ಆಗೋವರೆಗೂ ನೀರಿಲ್ಲ, ಓದು ಬರದವರಿಗೂ ನೆನಪಿರಲಿ ಅಂತ, ವಾರ್ಡು ಬಿಟ್ಟು ಹೊರಡೋ ಒಬ್ಬೊಬ್ಬ ಬಾಣಂತಿ ಹತ್ತಿರವೂ ಮೂರು ಸಲ ಹೇಳಿಸಿ ಕಳಿಸುತ್ತಿದ್ದಳು, ವತ್ಸಲಾಗೂ ಅದನ್ನೇ ಕಲಿಸಿದ್ದು, ಕೆಂಗೇರಿಯಿಂದ ಎರಡು ಜಡೆ ಹಾಕಿಕೊಂಡು ಬಂದಿದ್ದ ಹುಡುಗಿಗೆ ಕೂಸನ್ನು ಎತ್ತೋದರಿಂದ ಹಿಡಿದು ಎಲ್ಲ ಕಲಿಸಿದ್ದು, ಕಲಿಸಿದ್ದಕ್ಕೆ ಇದೇನು ಪ್ರತಿಫಲ.

ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರೆ ರಾಜಾಜಿನಗರದ ಬಿಸಿಲು ಕಣ್ಣಿಗೇ ಹೊಡೆಯಿತು, ಬಸ್ ಸ್ಟಾಪಿನಲ್ಲಿ ಸೊಪ್ಪಿನವಳು ಯಾರಿಗೋ ಹುರುಳಿಕಾಯಿ ತೂಗುತ್ತಿದ್ದಾಳೆ, ತಕ್ಕಡಿಯ ಬದಿಗೆ ಬೆರಳು, ಸತ್ಯವತಿ ಸುಮ್ಮನಿರಲಾರದೆ, ಏನಮ್ಮಾ, ಹೆಬ್ಬೆರಳು ತೆಗೆದು ತೂಗು, ಅಂದಳು, ಆಕೆ ನಗುತ್ತಾ, ನಿಮ್ಮ ಕಣ್ಣು ತಪ್ಪಿಸೋಕಾಗುತ್ತಾ ನರ್ಸಮ್ಮ. ಆಗೋಲ್ಲ, ಯಾರ ಕೈಲೂ ಆಗೋಲ್ಲ, ಅವಳ ಅನುಮಾನಕ್ಕೆ ಮನೆಯಲ್ಲಿ ಅಕ್ಕ ತಂಗಿಯರು ನಗುತ್ತಾರೆ, ಹಾಲಿನವನು ಬಂದರೆ ಬೆರಳದ್ದಿ ನೋಡುತ್ತಾಳೆ, ಸೀಮೆಎಣ್ಣೆ ಡಬ್ಬ ಬೆಳಕಿಗೆ ಹಿಡಿಯುತ್ತಾಳೆ, ಕಂಡಕ್ಟರು ಚಿಲ್ಲರೆ ಕೊಟ್ಟರೆ ಎರಡು ಸಲ ಎಣಿಸುತ್ತಾಳೆ, ನಗಲಿ, ಇದೇ ಅನುಮಾನ ಎಷ್ಟು ಕೂಸು ಉಳಿಸಿದೆ ಅಂತ ಇವರಿಗೇನು ಗೊತ್ತು, ಡಾಕ್ಟರು ಚೆನ್ನಾಗಿದೆ ಅಂದು ಹೋದ ಮೇಲೆ ಕೂಸಿನ ತುಟಿ ನೋಡಿ ಇದ್ಯಾಕೋ ಸರಿಯಿಲ್ಲ ಅಂತ ಅವಳೇ ಓಡಿಹೋಗಿ ಕರೆತಂದದ್ದು ಎಷ್ಟು ಸಲ, ಮೈ ಅರಿಶಿನ ತಿರುಗಿದ್ದು ಸೀರೆಯ ಬಣ್ಣದ ಪ್ರತಿಫಲನ ಅಂತ ಎಲ್ಲರೂ ಅಂದಾಗ ಕಿಟಕಿ ಹತ್ತಿರ ಎತ್ತಿಕೊಂಡು ಹೋಗಿ ತೋರಿಸಿದ್ದು ಯಾರು. ಅಂಥವಳನ್ನು ಎರಡು ವರ್ಷದ ಹಿಂದೆ ಎತ್ತಿ ಕಂಪ್ಯೂಟರ್ ಕೆಲಸಕ್ಕೆ ಹಾಕಿದರು, ಸಿಸ್ಟರ್ ಅಕ್ಷರ ದುಂಡಗಿದೆ, ಲೆಕ್ಕ ಚುರುಕು, ರಿಜಿಸ್ಟರೆಲ್ಲ ಮಿಷಿನ್ನಿಗೆ ಏರಿಸೋಕೆ ಅವರೇ ಸರಿ ಅಂತ, ಅವತ್ತೇ ಅವಳಿಗೆ ಅನುಮಾನ, ವಾರ್ಡಿನ ಯಜಮಾನಿಕೆ ಯಾರಿಗೆ ಹೋಯಿತು, ವತ್ಸಲಾಗೆ, ಹೋಗೋವಾಗ ಅಳುತ್ತಾ ಕಾಲಿಗೆ ಬಿದ್ದಳಲ್ಲ, ನೀವಿಲ್ದೆ ಹೆಂಗಕ್ಕ ಅಂತ, ಅಳು ಎಷ್ಟು ನಿಜವೋ ಎಷ್ಟು ನಾಟಕವೋ. ಆಮೇಲೆ ಕಲ್ಯಾಣಮ್ಮನವರ ಅಧ್ಯಯನ, ವಾರ್ಡಿನಲ್ಲಿ ನಾವು ಹೇಳಿ ಕಳಿಸಿದ್ದು ತಾಯಂದಿರಿಗೆ ಎಷ್ಟು ಅರ್ಥವಾಗುತ್ತೆ ಅಂತ ಮನೆಮನೆಗೆ ಹೋಗಿ ಕೇಳಿಕೊಂಡು ಬರೋದು, ಹದಿನಾಲ್ಕು ಪ್ರಶ್ನೆ, ಒಂದೊಂದಕ್ಕೂ ಅಂಕ, ಸತ್ಯವತಿ ಮೊದಲೇ ಅಂದಿದ್ದಳು, ಅರ್ಥ ಎಲ್ಲಾಗುತ್ತೆ ಡಾಕ್ಟರ್, ಹೂಂ ಹೂಂ ಅಂತಾರೆ, ಮನೆಗೆ ಹೋಗಿ ತಮಗೆ ತೋಚಿದ್ದೇ ಮಾಡ್ತಾರೆ. ಆಸ್ಪತ್ರೆ ಕಡೆಯ ಬಸ್ಸು ಬಂತು, ಸೆರಗು ಬಿಗಿದುಕೊಂಡು ಹತ್ತಿದಳು.

ಮಾಗಡಿ ರಸ್ತೆಗೆ ತಿರುಗಿದಾಗ ಬ್ಯಾಗು ತೊಡೆಯ ಮೇಲೆ ಜಾರಿತು, ಹಿಡಿದುಕೊಂಡಳು, ಒಳಗೆ ಕಾಗದದ ಕಂತೆಯ ಜೊತೆಗೆ ಹೋದ ಮಂಗಳವಾರ ರಾಮಮ್ಮನ ಮನೆಗೆ ಹೋಗಿ ತುಂಬಿಸಿಕೊಂಡು ಬಂದ ಫಾರಮ್ಮೂ ಇದೆ, ಕೊನೆಯ ಪುಟದಲ್ಲಿ ಅವಳ ಹೆಬ್ಬೆಟ್ಟು, ನೇರಳೆ ಬಣ್ಣದ್ದು, ಸ್ವಲ್ಪ ಕದಡಿಹೋಗಿದೆ. ಅವತ್ತು ಮೂಡಲಪಾಳ್ಯದಲ್ಲಿ ಎರಡು ಅಂಕಣದ ಮನೆ, ಮುಂದೆ ಹಸು ಕಟ್ಟಿದ ಗೂಟ, ಜಗಲಿ ಮೇಲೆ ರಾಮಮ್ಮ ಗೋಡೆಗೆ ಒರಗಿ ಕೂತಿದ್ದಳು, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬಾಣಂತಿಯ ಕಟ್ಟೆಲ್ಲ ಇದೆ, ಮಡಿಲು ಖಾಲಿ, ರವಿಕೆ ಎದೆಯ ಹತ್ತಿರ ಒದ್ದೆಯಾಗಿತ್ತು, ಹಾಲಿಗೇನು ಗೊತ್ತು ಕುಡಿಯೋಕೆ ಯಾರೂ ಇಲ್ಲ ಅಂತ, ಅದನ್ನು ನೋಡಿಯೂ ಸತ್ಯವತಿ ಫಾರಮ್ಮು ತೆಗೆದಳು, ತೆಗೆಯಬಾರದಿತ್ತೋ ಏನೋ, ಏಳನೇ ಪ್ರಶ್ನೆ, ಮಗುವಿಗೆ ಯಾವಾಗ ನೀರು ಹಾಕಬಹುದು ಅಂತ ಹೇಳಿದ್ದರು. ಎರ್ಡೂವರೆ ಆಗೋಗಂಟ ನೀರಿಲ್ಲ ಅಂದ್ರು, ಅಂತ ರಾಮಮ್ಮ ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದಳು, ಸರಿಯುತ್ತರ, ಪೂರ್ತಿ ಅಂಕ, ಸತ್ಯವತಿಗೆ ಕೂಡಲೇ ಅನುಮಾನ, ಯಾರೋ ಹೇಳಿಕೊಟ್ಟಿದ್ದಾರೆ, ವತ್ಸಲಾ ಬಂದು ಹೋಗಿರಬೇಕು, ಮತ್ತೆ ಗೊತ್ತಿದ್ದೂ ಯಾಕಮ್ಮ ನೀರು ಹಾಕಿದ್ರಿ. ಒಳಗಿಂದ ಅತ್ತೆ ಮುನಿತಾಯಮ್ಮ ಬಂದು ಬಾಗಿಲಿಗೆ ಆತುಕೊಂಡಳು, ಕಣ್ಣು ಬತ್ತಿದ ಮುದುಕಿ, ಅಲ್ಲಾ ಕಣವ್ವ, ಎರ್ಡೂವರೆ ಆದ್ಮೇಲೆ ಹಾಕ್ರಿ ಅಂದ್ರಿ, ನಿಮ್ ಚೀಟೀಲೇ ಎರ್ಡೂವರೆ ಅಂತ ಬರ್ದಿತ್ತಲ್ಲ, ನನಗೇನು ಓದಕ್ಕೆ ಬಂದದಾ, ಪಕ್ಕದ್ಮನೆ ಮೇಷ್ಟ್ರ ತಾವ ಎರಡು ದಪ ಓದುಸ್ದೆ, ಕೂಸು ಸಣ್ಣಕೈತೆ ಅಂತ ನನಗೇ ಅನುಮಾನ, ಮೇಷ್ಟ್ರು ಅಂದ್ರು ಆಸ್ಪತ್ರೆಯೋರು ಮಿಷಿನ್ನಲ್ಲಿ ನೋಡಿರ್ತಾರೆ ಕಣಮ್ಮ, ನಿನಗೇನ್ ಗೊತ್ತು ಅಂತ, ಅದಕ್ಕೇ ಹಾಕ್ದೆ, ನಾಕನೇ ದಿನದಿಂದ ದಿನಾ ಹಾಕ್ದೆ, ಎಣ್ಣೆ ಒತ್ತಿ ಹಂಡೆ ನೀರು ಹುಯ್ದು ಸಾಂಬ್ರಾಣಿ ಹಿಡ್ದೆ, ನಾನೇ ಹಾಕ್ದೆ. ಅಷ್ಟು ಹೇಳಿ ಮುದುಕಿ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು, ಆ ಕೈಗಳೇ ಬೇರೆ ಯಾರದೋ ಅನ್ನುವಂತೆ. ಹದಿನಾಲ್ಕು ಪ್ರಶ್ನೆಗೂ ಸರಿಯುತ್ತರ, ಇಡೀ ಅಧ್ಯಯನದಲ್ಲಿ ಪೂರ್ತಿ ಅಂಕ ಬಂದ ಮನೆ ಅದೊಂದೇ, ಸತ್ಯವತಿ ಕೊನೆಗೆ ಶಾಯಿ ಪ್ಯಾಡು ಚಾಚಿ ಇಲ್ಲೊತ್ತಮ್ಮ ಅಂದಿದ್ದಳು, ರಾಮಮ್ಮ ಒತ್ತಿದಳು, ಶಾಯಿ ಒರೆಸಿಕೊಳ್ಳೋಕೂ ಮರೆತು ಆ ನೇರಳೆ ಹೆಬ್ಬೆರಳನ್ನು ಮುಂದೆ ಹಿಡಿದುಕೊಂಡೇ ಕೂತಿದ್ದಳು. ತಪ್ಪು ಕೇಳಿಸಿಕೊಂಡವರದಲ್ಲ, ಹೇಳಿದವಳದು, ವತ್ಸಲಾಳದು, ಬರೆದವಳದು, ಮೂರು ಗಂಟೆಗೆ ಹೇಳಿಯೇ ಹೇಳುತ್ತೇನೆ ಅಂತ ಸತ್ಯವತಿ ಬಸ್ಸಿನ ಟಿಕೀಟನ್ನು ಹಿಂಡಿ ಹಿಂಡಿ ಉಂಡೆ ಮಾಡಿದಳು.

ಆದರೆ ಒಂದು ಕೊಕ್ಕೆ ಇದೆ, ಕಾಗದದಲ್ಲೇ ಇದೆ, ಅದು ಬಿಡುತ್ತಿಲ್ಲ — ಪದ್ಮನಾಭನಿಗೆ ಹೇಳಿ ತಾರೀಖಿನ ಪ್ರಕಾರ ಸಾಲು ಹಾಕಿಸಿದ್ದಳು, ಎಂಬತ್ತರಲ್ಲೆಲ್ಲ ತೂಕಗಳು ಹೇಗಿರಬೇಕೋ ಹಾಗಿವೆ, ಎರಡು ಮುನ್ನೂರ ಎಂಬತ್ತು, ಎರಡು ನಾನೂರ ಹತ್ತು, ಎರಡು ನಾನೂರ ನಲವತ್ತು, ದೇವರು ಕೊಟ್ಟ ಹಾಗೆ, ಎಂಬತ್ತೊಂದರ ಏಪ್ರಿಲ್ ಬರುತ್ತಿದ್ದ ಹಾಗೆ ಈ ತೂಕದ ಕೂಸುಗಳು ಒಂದೊಂದೇ ಮಾಯವಾಗುತ್ತಾ ಬರುತ್ತವೆ, ಎರಡು ಮುನ್ನೂರಕ್ಕೂ ಎರಡೂವರೆಗೂ ನಡುವೆ ದೊಡ್ಡ ಕಂದಕ, ಆಮೇಲಿನ ಏಳು ವರ್ಷದಲ್ಲಿ ಬೆರಳೆಣಿಕೆಯಷ್ಟು, ಎಲ್ಲ ಹೋಗಿ ಎರಡೂವರೆಯ ಮೇಲೆ ಕೂತಿವೆ. ವತ್ಸಲಾ ಕೆಲಸಕ್ಕೆ ಸೇರಿದ್ದು ಎಂಬತ್ತೆರಡರ ಜೂನು, ಅದಕ್ಕೆ ಮುಂಚೆಯೇ ಹೇಗೆ, ಪದ್ಮನಾಭ ತಾರೀಖು ಅದಲುಬದಲು ಮಾಡಿದ್ದಾನೋ, ಯಾರಾದರೂ ಹಳೇ ರಿಜಿಸ್ಟರು ತಿದ್ದಿದ್ದಾರೋ, ತನ್ನ ಮೇಲೆ ಹೊರಿಸೋಕೆ ಯಾರೋ ಹೂಡಿದ ಆಟವೋ. ಆಸ್ಪತ್ರೆ ಗೇಟಿನಲ್ಲಿ ಇಳಿದವಳು ವಿಚಾರಣೆಯ ಕೋಣೆಗೆ ಹೋಗದೆ ನೇರ ವಾರ್ಡಿನ ಹಿಂದಿನ ಸ್ಟೋರಿಗೆ ಹೋದಳು, ಕಬ್ಬಿಣದ ಬೀರು, ಡೆಟಾಲು ವಾಸನೆ, ಜಿರಲೆ ಗುಳಿಗೆ ವಾಸನೆ, ಇನ್ನೂ ಮುಕ್ಕಾಲು ಗಂಟೆ ಇದೆ, ಎಂಬತ್ತೊಂದರ ರಿಜಿಸ್ಟರು ಕೆಳಗಿನ ಅರೆಯಲ್ಲಿತ್ತು, ರಟ್ಟು ಕಿತ್ತು ಹೋಗಿದೆ. ಏಪ್ರಿಲ್, ಹದಿನಾರನೇ ತಾರೀಖು, ಎರಡೂವರೆ, ಅಕ್ಷರ — ಅಕ್ಷರ ವತ್ಸಲಾಳದ್ದೇ, ಆ ಗುಂಡು ಗುಂಡು ಸೊನ್ನೆ, ಹೌದಲ್ಲ, ಎಂಬತ್ತೊಂದರಲ್ಲಿ ಆರು ತಿಂಗಳು ಟ್ರೈನಿಂಗಿಗೆ ಬಂದಿದ್ದಳು, ಮರೆತೇ ಹೋಗಿತ್ತು, ಸಿಕ್ಕಿಬಿದ್ದಳು, ಹತ್ತೊಂಬತ್ತು ವರ್ಷದ ಹುಡುಗಿ, ಅವತ್ತಿಂದಲೇ ಶುರು ಹಚ್ಚಿಕೊಂಡಿದ್ದಾಳೆ, ನಾನು ಅನ್ನ ಹಂಚಿಕೊಂಡು ತಿಂದೆನಲ್ಲ ಇವಳ ಜೊತೆ, ಟಿಫನ್ ಕ್ಯಾರಿಯರಿನ ಮೇಲಿನ ಡಬ್ಬ ಅವಳದು ಕೆಳಗಿನದು ನನ್ನದು ಅಂತ. ತಟ್ಟೆಯ ಅಂಚಿನ ಮೇಲೆ ಹೆಬ್ಬೆರಳು, ಈಗ ಸರಿಯಾಗಿ ಕಾಣುತ್ತಿದೆ, ಗೆಣ್ಣಿನ ಮೇಲೆ ಅಡ್ಡಕ್ಕೆ ಬಿಳೀ ಗೆರೆ, ಸೂಜಿಮದ್ದಿನ ಗಾಜಿನ ಬುರುಡೆ ಮುರಿಯುವಾಗ ಕೊಯ್ದ ಗಾಯ, ಆ ಗೆರೆ ಇಲ್ಲದ ನರ್ಸ್ ಯಾರಿದ್ದಾರೆ, ವತ್ಸಲಾಗೂ ಇರಲೇಬೇಕು, ನಾನು ನೋಡಿದ್ದೀನಿ, ಕಣ್ಣಾರೆ ನೋಡಿದ್ದೀನಿ ಆ ಬೆರಳು, ಅದಕ್ಕೇ ಬೆಳಿಗ್ಗೆಯಿಂದ ತಲೆಯಲ್ಲಿ ಕೂತಿರೋದು. ಅವಳು ಆ ಸಾಲಿನ ಮೇಲೆ ಬೆರಳಿಟ್ಟು ತಾಯಿಯ ಹೆಸರಿನ ಕಡೆ ಸರಿದಳು, ಗಂಡನ ಹೆಸರು ದೊಡ್ಡಹನುಮಯ್ಯ ಅಂತ ಬರೆದಿತ್ತು.

ದೊಡ್ಡಹನುಮಯ್ಯ — ಅಯ್ಯೋ, ಅವನ ಮಗಳೇನು ಸತ್ತಿಲ್ಲವಲ್ಲ, ಅವಳು ಈಗ ಎರಡನೇ ಕ್ಲಾಸು, ಪ್ರತಿ ಸಂಕ್ರಾಂತಿಗೂ ಎಳ್ಳು ಬೀರಲು ಕರೆದುಕೊಂಡು ಬರುತ್ತಾನೆ, ಈ ಸಿಸ್ಟರು ಇಲ್ದಿದ್ರೆ ನಾನು ಮನೇನೇ ಕಳ್ಕೊತಿದ್ದೆ ಅಂತ ಎದುರಿಗೆ ಸಿಕ್ಕಿದವರಿಗೆಲ್ಲ ಹೇಳುತ್ತಾನೆ, ಅವನ ಕತೆ ಸತ್ಯವತಿ ಎಷ್ಟು ಜನಕ್ಕೆ ಹೇಳಿಲ್ಲ, ಗಿರಣಿ ಕೆಲಸದವನು, ಮನೆಯಲ್ಲಿ ಇನ್ನಿಬ್ಬರು ಸಣ್ಣ ಮಕ್ಕಳು, ನೋಡಿಕೊಳ್ಳೋರಿಲ್ಲ, ಒಳಗಿಟ್ಟು ಬೀಗ ಹಾಕಿಕೊಂಡು ಪಾಳಿಗೆ ಹೋಗುತ್ತಿದ್ದ, ಒಂದು ದಿನ ಸೀಮೆಎಣ್ಣೆ ಸ್ಟೌ ಹತ್ತಿರ ಚಿಕ್ಕದು ಸಿಕ್ಕಿಹಾಕಿಕೊಂಡು ಪಕ್ಕದವರು ಬಾಗಿಲು ಒಡೆದಿದ್ದರಂತೆ, ವಾರ್ಡಿನ ಬಾಗಿಲಲ್ಲಿ ಕೈಮುಗಿದುಕೊಂಡು ನಿಂತಿದ್ದ, ಹತ್ತು ದಿನ ಇಟ್ಕೊಂಡ್ರೆ ಆ ಎರಡೂ ಸತ್ತೋಗ್ತವೆ ತಾಯಿ, ಕಳಿಸ್ಕೊಡಿ. ಮಂಚಗಳೂ ಇರಲಿಲ್ಲ, ಒಂದೊಂದು ಮಂಚಕ್ಕೆ ಇಬ್ಬಿಬ್ಬರು ಬಾಣಂತಿಯರು, ಕಾಲಡಿ ತಲೆ, ತಲೆಯಡಿ ಕಾಲು, ನಿಯಮ ಮಾಡಿದವರು ಬಂದು ನೋಡಿದ್ದರೇ. ಅದಕ್ಕೇ ಅವಳು ಕರುಣೆಪಟ್ಟು ಕಳಿಸಿಕೊಟ್ಟಳು, ಕತೆ ಹೇಳುವಾಗ ಅಷ್ಟೇ ಹೇಳುತ್ತಾಳೆ, ಕಳಿಸಿಕೊಟ್ಟೆ ಅಂತ, ಹೇಗೆ ಅಂತ ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ತೂಕ ಎರಡು ನಾನೂರ ಇಪ್ಪತ್ತು ಇತ್ತು. ಈ ಅಂಕಿ ಯಾವ ರಿಜಿಸ್ಟರಿನಲ್ಲೂ ಇಲ್ಲ, ಪದ್ಮನಾಭನ ಮಿಷಿನ್ನಲ್ಲೂ ಇಲ್ಲ, ಈ ಲೋಕದಲ್ಲಿ ಇಬ್ಬರಿಗೇ ಗೊತ್ತು, ಪಕ್ಕದಲ್ಲಿ ರಿಜಿಸ್ಟರು ಹಿಡಿದು ನಿಂತಿದ್ದ ಹತ್ತೊಂಬತ್ತರ ಹುಡುಗಿ ಮುಳ್ಳು ನೋಡಿದ್ದಳು, ಎಷ್ಟು ಬರೀಲಿ ಸಿಸ್ಟರ್ ಅಂದಿದ್ದಳು. ನೋಡೇ, ಎಂಬತ್ತು ಗ್ರಾಂಗೋಸ್ಕರ ಒಂದು ಮನೆ ಹಾಳಾಗ್ಬೇಕಾ, ಎರಡೂವರೆ ಬರ್ಕೊ. ಅದು ಬೇರೆ, ಇದು ಬೇರೆ, ಅವನಿಗೆ ಗುಟ್ಟಾಗಿ ಕರೆದು ಹೇಳಿದ್ದೆನಲ್ಲ, ಚೀಟಿಯಲ್ಲಿ ಏನೇ ಇರಲಿ ತಿಂಗಳು ತುಂಬೋವರೆಗೂ ನೀರು ಹಾಕ್ಬೇಡ ಕಣಪ್ಪ ಅಂತ, ವಾರಕ್ಕೆರಡು ಸಲ ಮನೆಗೆ ಹೋಗಿ ನೋಡಿಕೊಂಡು ಬಂದಿದ್ದೆನಲ್ಲ. ಅದಾದ ಮೇಲಿನವರಿಗೆ, ಮುಂದಿನ ವಾರ ಇನ್ನೊಬ್ಬಳು ಅತ್ತಳಲ್ಲ, ಮಳೆಗಾಲದಲ್ಲಿ ಮಂಚ ಸಾಲದೆ ನೆಲದ ಮೇಲೆ ಚಾಪೆ ಹಾಸಿದಾಗ ಇನ್ನೊಬ್ಬಳು, ಅವರ ಮನೆಗೆಲ್ಲ ಹೋದೆನೇ, ಗುಟ್ಟು ಹೇಳಿದೆನೇ. ರಿಜಿಸ್ಟರಿನ ಕೊನೆಯ ಕಾಲಮ್ಮು, ತೂಕ ನೋಡಿದವರ ಸಹಿ, ಅದನ್ನು ನೋಡಬೇಕಾಗಿಯೇ ಇರಲಿಲ್ಲ, ಆದರೂ ಅವಳು ನೋಡಿದಳು.

ಕಲ್ಯಾಣಮ್ಮನವರ ಮೇಜಿನ ಮುಂದೆ ಮೂರು ಕುರ್ಚಿ, ಒಂದರಲ್ಲಿ ವತ್ಸಲಾ, ಬಿಳೀ ಸೀರೆಗೆ ಇಸ್ತ್ರಿ ನೆರಿಗೆ ಚೂರೂ ಮುರಿದಿಲ್ಲ, ಕಣ್ಣು ಮಾತ್ರ ಊದಿಕೊಂಡಿದೆ, ಸತ್ಯವತಿ ಒಳಗೆ ಬಂದಾಗ ಎದ್ದು ನಿಂತಳು, ಹಳೇ ಅಭ್ಯಾಸ, ಯಾಕೆ ಎದ್ದು ನಿಂತಳು, ಬೆದರಿಸುತ್ತಿದ್ದಾಳೋ, ನಾನು ಹೇಳಿದರೆ ತಾನೂ ಹೇಳುತ್ತೇನೆ ಅಂತಲೋ, ಗೋಡೆ ಗಡಿಯಾರ ಮೂರೂ ಹತ್ತು. ಡಾಕ್ಟರು ಕನ್ನಡಕ ತೆಗೆದಿಟ್ಟು, ವತ್ಸಲಾ, ಕೊನೇ ಸಲ ಕೇಳ್ತೀನಿ, ಮಗು ತೂಕ ನಿಜವಾಗಿ ಎಷ್ಟಿತ್ತು. ಎರಡು ಮುನ್ನೂರೈವತ್ತು ಇತ್ತು ಮೇಡಂ. ಮತ್ತೆ ಯಾಕೆ ಎರಡೂವರೆ ಬರೆದೆ. ಮಂಚ ಇರ್ಲಿಲ್ಲ ಮೇಡಂ, ಆ ದಿನ ಹನ್ನೊಂದು ಹೆರಿಗೆ. ಹಿಂದೆಯೂ ಬರೆದಿದೀಯಾ. ಬರೆದಿದೀನಿ. ಹೀಗೆ ಬರೀಬಹುದು ಅಂತ ನಿನಗೆ ಯಾರು ಹೇಳಿಕೊಟ್ರು. ವತ್ಸಲಾ ತೊಡೆಯ ಮೇಲಿನ ಕೈಗಳನ್ನೇ ನೋಡುತ್ತಾ ಕೂತಳು, ಸತ್ಯವತಿಯೂ ಆ ಕೈಗಳನ್ನೇ ನೋಡಿದಳು, ಹೆಬ್ಬೆರಳು ನುಣ್ಣಗಿತ್ತು, ಎರಡೂ ನುಣ್ಣಗಿದ್ದವು, ಗೆರೆ ಇಲ್ಲ, ಬುರುಡೆ ಮುರಿಯುವಾಗ ಹತ್ತಿ ಸುತ್ತಿಕೊಳ್ಳೇ, ನನ್ನ ಹಾಗೆ ಕೊಯ್ದುಕೊಳ್ಳಬೇಡ ಅಂತ ಅವಳಿಗೆ ಕಲಿಸಿದ್ದೂ ತಾನೇ, ಹುಡುಗಿ ಹೇಳಿದ್ದನ್ನೆಲ್ಲ ಹೇಳಿದ ಹಾಗೆಯೇ ಕಲಿತಿದ್ದಾಳೆ, ಒಂದೂ ಬಿಟ್ಟಿಲ್ಲ. ಎರಡು ವಾರದಿಂದ ಇವಳು ಬಾಯಿ ಬಿಡುತ್ತಿಲ್ಲ ಅಂತ ಎಲ್ಲರೂ ಅಂದಾಗ ಏನೋ ಮುಚ್ಚಿಡುತ್ತಿದ್ದಾಳೆ ಅಂತ ಮೊದಲು ಅಂದವಳು ಸತ್ಯವತಿ, ಅನುಮಾನ ಸುಳ್ಳಾಗಲಿಲ್ಲ, ಮುಚ್ಚಿಟ್ಟಿದ್ದಳು, ನೌಕರಿ ಹೋದರೂ ಸರಿ ಅಂತ ಮುಚ್ಚಿಟ್ಟು ಕೂತಿದ್ದಾಳೆ, ಕೆಂಗೇರಿಯಲ್ಲಿ ತಾಯಿ, ಇಬ್ಬರು ತಂಗಿಯರು, ಇವಳ ಸಂಬಳದಲ್ಲೇ ಉಣ್ಣಬೇಕು — ಮಾತಾಡೇ, ಹೇಳೇ, ನನ್ನ ಹೆಸರು ಹೇಳಿಬಿಡೇ, ನಾನೇ ಹೇಳೋ ಕಷ್ಟ ತಪ್ಪಿಸು, ವತ್ಸಲಾ ತಲೆ ಎತ್ತಲಿಲ್ಲ. ಸರಿ, ಅಂತ ಕಲ್ಯಾಣಮ್ಮ ಈ ಕಡೆ ತಿರುಗಿದರು, ಸಿಸ್ಟರ್, ನೀವು ಹೇಳಿ, ಲೆಕ್ಕ ಎಲ್ಲ ನಿಮ್ಮ ಕೈಲಿದೆ, ಇದು ಯಾವತ್ತಿಂದ ಶುರುವಾಯ್ತು, ಯಾರಿಂದ. ಬ್ಯಾಗಿನಿಂದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿದಳು, ಫ್ಯಾನಿನ ಗಾಳಿಗೆ ಅದು ಏಳುತ್ತಿತ್ತು, ಹಾರದ ಹಾಗೆ ಅಂಚನ್ನು ಒತ್ತಿ ಹಿಡಿದಳು, ಎಂಬತ್ತೊಂದು ಏಪ್ರಿಲ್ ಹದಿನಾರು ಡಾಕ್ಟರ್, ಅಂತ ಯಾರದೋ ದನಿ ಹೇಳಿತು, ತನ್ನದೇ, ಬರೆದದ್ದು ವತ್ಸಲಾ, ಬರ್ಕೊ ಅಂದಿದ್ದಕ್ಕೆ ಬರೆದಳು, ತೂಕ ನೋಡಿದ್ದು, ತೂಕ ನೋಡಿದ್ದು ಡಾಕ್ಟರ್ — ಕಾಗದದ ಅಂಚಿನ ಮೇಲೆ ತನ್ನ ಹೆಬ್ಬೆರಳು, ಗೆಣ್ಣಿನ ಮೇಲೆ ಅಡ್ಡಕ್ಕೆ ಬಿಳೀ ಗೆರೆ, ತಟ್ಟೆಯಲ್ಲಿ ಕೂಸು ಕೈಕಾಲು ಬಡಿಯುತ್ತಿದೆ, ಮುಳ್ಳು ಎರಡು ನಾನೂರ ಇಪ್ಪತ್ತರಲ್ಲಿ ನಡುಗುತ್ತಿದೆ, ಹೆಬ್ಬೆರಳು ಮೆಲ್ಲಗೆ ಅಂಚಿನ ಮೇಲೆ ಇಳಿಯುತ್ತಿದೆ, ಮುಳ್ಳು ಹತ್ತುತ್ತಿದೆ, ಎರಡೂವರೆ, ನಿಂತಿತು.